ಮೊದಲು ಓಟ, ಆಮೇಲೆ ನೋಟ: ಚಳಿಗಾಲದಲ್ಲಿ ಪುಟ್ಟ ಮಕ್ಕಳ ಹೊರಾಂಗಣ ಕಲಿಕೆ

ಚಳಿಗಾಲದಲ್ಲಿ ಶಿಶುವಿಹಾರದ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯುವಾಗ ಯಾವ ಆಟ ಆಡಿಸಬೇಕು ಎಂಬುದಕ್ಕಿಂತ ಯಾವುದರ ನಂತರ ಯಾವುದು ಬರಬೇಕು ಎಂಬುದೇ ಹೆಚ್ಚು ಮುಖ್ಯವೆಂದು ನಾನು ಕೆಲಸ ಮಾಡುತ್ತಲೇ ಕಂಡುಕೊಂಡೆ. ಮೂರರಿಂದ ಐದು ವರ್ಷದ ಮಕ್ಕಳ ಚರ್ಮದ ವಿಸ್ತಾರ, ಅವರ ತೂಕಕ್ಕೆ ಹೋಲಿಸಿದರೆ, ದೊಡ್ಡವರಿಗಿಂತ ಹೆಚ್ಚಾಗಿರುವುದರಿಂದ ಮೈಯ ಶಾಖ ಬೇಗ ಹೊರಟುಹೋಗುತ್ತದೆ. ಹೊರಗೆ ಬಂದ ಕೂಡಲೇ ಅವರನ್ನು ಸುತ್ತ ನಿಲ್ಲಿಸಿ ಹುಲ್ಲಿನ ಮೇಲಿನ ಇಬ್ಬನಿಯನ್ನು ತೋರಿಸಿದರೆ ಅವರ ಗಮನವೆಲ್ಲ ತಣ್ಣಗಾದ ಬೆರಳುಗಳ ಮೇಲಿರುತ್ತದೆ. ಆದ್ದರಿಂದ ಮೊದಲು ಓಟ, ಆಮೇಲೆ ನೋಟ, ಮತ್ತೆ ಓಟ ಎಂಬ ಕ್ರಮವನ್ನು ನಾನು ಅನುಸರಿಸುತ್ತೇನೆ.

ಉಡುಪು ತೊಡುವ ಸಮಯವನ್ನೂ ನಾನು ಕಲಿಕೆಯ ಭಾಗವಾಗಿಯೇ ಎಣಿಸುತ್ತೇನೆ. ಗುಂಡಿ ಹಾಕಿಕೊಳ್ಳುವುದು, ಜಿಪ್ ಎಳೆಯುವುದು, ಎಡಗಾಲಿನ ಬೂಟು ಯಾವುದೆಂದು ಗುರುತಿಸುವುದು ಬೆರಳುಗಳಿಗೂ ಬುದ್ಧಿಗೂ ಒಳ್ಳೆಯ ಕೆಲಸ. ಅದಕ್ಕೆ ಬೇಕಾದಷ್ಟು ಹೊತ್ತನ್ನು ದಿನಚರಿಯಲ್ಲಿ ಮೊದಲೇ ತೆಗೆದಿಟ್ಟರೆ ದೊಡ್ಡವರು ಅವಸರದಿಂದ ಕೈಹಾಕುವ ಪ್ರಮೇಯ ಬರುವುದಿಲ್ಲ. ಒಂದೇ ದಪ್ಪ ಕೋಟಿಗಿಂತ ತೆಳುವಾದ ಎರಡು ಮೂರು ಪದರಗಳ ಉಡುಪು ಮೇಲು. ಪದರಗಳ ನಡುವೆ ನಿಂತ ಗಾಳಿಯು ಶಾಖವನ್ನು ತಡೆದಿಡುತ್ತದೆ, ಬೆವರಿದಾಗ ಒಂದನ್ನು ತೆಗೆಯಲೂ ಬರುತ್ತದೆ. ಒದ್ದೆಯಾದ ಹತ್ತಿ ಬಟ್ಟೆ ಬೇಗ ಒಣಗದೆ ಮೈಯನ್ನು ತಣ್ಣಗಾಗಿಸುವುದರಿಂದ ಪ್ರತಿ ಮಗುವಿಗೂ ಒಣ ಬಟ್ಟೆಯ ಇನ್ನೊಂದು ಜೊತೆ ಇರಲೇಬೇಕು. ಉದ್ದನೆಯ ಮಫ್ಲರ್ ಮತ್ತು ಟೊಪ್ಪಿಗೆಯಿಂದ ನೇತಾಡುವ ದಾರಗಳು ಜಾರುಬಂಡೆಗೆ ಸಿಕ್ಕಿಕೊಂಡು ಕುತ್ತಿಗೆಯನ್ನು ಬಿಗಿಯಬಹುದು. ಅವುಗಳನ್ನು ತೊಟ್ಟು ಆಡಲು ನಾನು ಯಾರನ್ನೂ ಬಿಡುವುದಿಲ್ಲ.

ಮೊದಲ ಓಟಕ್ಕೆ ಕಪ್ಪೆಯಂತೆ ಕುಪ್ಪಳಿಸುವುದು, ಮರದ ಹಿಂದೆ ಅಡಗುವುದು, ಕಟ್ಟೆಯ ಮೇಲೆ ಹತ್ತಿ ಕೆಳಗೆ ಇಳಿಯುವುದು ಮುಂತಾದ ಆಟಗಳು ಸಾಕು. ಹಿಂದೆ, ಮುಂದೆ, ಮೇಲೆ, ಕೆಳಗೆ ಎಂಬ ಮಾತುಗಳು ಮೈಯ ಚಲನೆಯೊಂದಿಗೇ ಮನಸ್ಸಿಗೆ ಇಳಿಯುತ್ತವೆ. ಬಕೆಟ್ಟಿನಲ್ಲಿ ಮರಳು ತುಂಬಿ ಅಂಗಳದ ಆ ಬದಿಗೆ ಸಾಗಿಸುವುದು ನನಗೆ ಇನ್ನೂ ಇಷ್ಟ, ಏಕೆಂದರೆ ಭಾರ ಹೊತ್ತ ಮಗು ಬೇಗ ಬೆಚ್ಚಗಾಗುತ್ತದೆ. 3–4 ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂದೂ ಅದರಲ್ಲಿ 60 ನಿಮಿಷಗಳಾದರೂ ಮಧ್ಯಮದಿಂದ ಬಿರುಸಿನದಾಗಿರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಈ ಪ್ರಮಾಣವನ್ನು ಕೋಣೆಯೊಳಗೆ ಕೂಡಿಸುವುದು ಬಹಳ ಕಷ್ಟ.

ಮೈ ಬೆಚ್ಚಗಾದ ಮೇಲೆ ಬರುವ ನೋಟದ ಆಟಗಳಲ್ಲಿ ನೆರಳಿಗೆ ವಿಶೇಷ ಸ್ಥಾನವಿದೆ. ಚಳಿಗಾಲದಲ್ಲಿ ಸೂರ್ಯ ಆಕಾಶದ ತಗ್ಗಿನಲ್ಲಿಯೇ ಸಾಗುವುದರಿಂದ ನೆರಳುಗಳು ಉದ್ದವಾಗಿ, ಸ್ಪಷ್ಟವಾಗಿ ಬೀಳುತ್ತವೆ. ಬೆಳಿಗ್ಗೆ ಒಂದು ಮಗುವನ್ನು ನಿಲ್ಲಿಸಿ, ಅದರ ಪಾದಗಳ ಸುತ್ತಲೂ ನೆರಳಿನ ಅಂಚಿನಲ್ಲೂ ಸೀಮೆಸುಣ್ಣದಿಂದ ಗೆರೆ ಎಳೆಯುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಅದೇ ಪಾದದ ಗುರುತಿನಲ್ಲಿ ಆ ಮಗು ಮತ್ತೆ ನಿಲ್ಲುತ್ತದೆ. ನೆರಳು ಗೆರೆಯನ್ನು ಬಿಟ್ಟು ಪಕ್ಕಕ್ಕೆ ಸರಿದಿರುವುದನ್ನೂ ಗಿಡ್ಡವಾಗಿರುವುದನ್ನೂ ಕಂಡಾಗ ಮಕ್ಕಳು ತಾವೇ ಹೆಜ್ಜೆಯಿಂದ ಅಳೆಯತೊಡಗುತ್ತಾರೆ. ಕಾರಣವನ್ನು ನಾನು ಆಗಲೇ ಹೇಳುವುದಿಲ್ಲ. ಸೂರ್ಯ ಆಗ ಎಲ್ಲಿದ್ದ, ಈಗ ಎಲ್ಲಿದ್ದಾನೆ ಎಂದು ಬೆರಳು ಮಾಡಿ ತೋರಿಸಲು ಮಾತ್ರ ಕೇಳುತ್ತೇನೆ, ನೇರವಾಗಿ ದಿಟ್ಟಿಸಬಾರದೆಂದು ಪ್ರತಿ ಸಲವೂ ಎಚ್ಚರಿಸುತ್ತೇನೆ.

ಮಂಜುಗಡ್ಡೆ ಇದಕ್ಕಿಂತಲೂ ಹೆಚ್ಚು ಮಾತನಾಡಿಸುತ್ತದೆ. ಹಿಂದಿನ ಸಂಜೆ ಬಟ್ಟಲುಗಳಲ್ಲಿ ನೀರು ತುಂಬಿ, ಮಕ್ಕಳೇ ಆಯ್ದ ಎಲೆ, ಬೀಜ, ಕಡ್ಡಿಗಳನ್ನು ಅದರಲ್ಲಿ ಹಾಕಿ ಹೊರಗೆ ಇಡುತ್ತೇವೆ. ನೀರು ಗಟ್ಟಿಯಾಗುವಷ್ಟು ಚಳಿ ಇಲ್ಲದಿದ್ದಾಗ ಫ್ರೀಜರ್ ಆ ಕೆಲಸ ಮಾಡುತ್ತದೆ. ಅಂಚಿನವರೆಗೆ ನೀರು ತುಂಬಿದ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಗಡ್ಡೆ ಉಬ್ಬಿ ಅಂಚಿಗಿಂತ ಮೇಲೆ ಬಂದಿರುತ್ತದೆ, ಏಕೆಂದರೆ ನೀರು ಹೆಪ್ಪುಗಟ್ಟುವಾಗ ಸುಮಾರು 9 ಪ್ರತಿಶತ ಹಿಗ್ಗುತ್ತದೆ. ಗಾಜಿನ ಪಾತ್ರೆ ಇದೇ ಕಾರಣಕ್ಕೆ ಒಡೆಯಬಹುದಾದ್ದರಿಂದ ಅದನ್ನು ಬಳಸಬಾರದು. ಗಡ್ಡೆಯ ಮೇಲೆ ಉಪ್ಪು ಉದುರಿಸಿದರೆ ಮೂಡುವ ಗುಳಿಗಳೂ ಮಕ್ಕಳಿಗೆ ಅಚ್ಚರಿಯೇ. ಆದರೆ ಉಪ್ಪು ಬೆರೆತ ಮಂಜು ಸೊನ್ನೆ ಡಿಗ್ರಿಗಿಂತ ಕೆಳಕ್ಕೆ ತಣ್ಣಗಾಗಿ ಚರ್ಮವನ್ನು ಸುಟ್ಟಂತೆ ಗಾಯಗೊಳಿಸಬಲ್ಲದು. ಅಲ್ಲಿ ಚಮಚವೇ ಹೊರತು ಕೈ ಮುಂದಾಗಬಾರದು.

ಈ ಎಲ್ಲದರಲ್ಲಿ ನಾನು ಅತ್ಯಂತ ಬೆಲೆ ಕೊಡುವುದು ಸ್ವೆಟರಿನ ಪ್ರಯೋಗಕ್ಕೆ. ಒಂದೇ ಅಳತೆಯ ಎರಡು ಗಡ್ಡೆಗಳಲ್ಲಿ ಒಂದನ್ನು ಹಾಗೆಯೇ ತಟ್ಟೆಯಲ್ಲಿಟ್ಟು, ಇನ್ನೊಂದನ್ನು ಉಣ್ಣೆಯ ಸ್ವೆಟರಿನಲ್ಲಿ ಸುತ್ತಿ, ಎರಡನ್ನೂ ಬಿಸಿಲಿಲ್ಲದ ಒಂದೇ ಜಾಗದಲ್ಲಿ ಇಟ್ಟು, ಯಾವುದು ಮೊದಲು ಕರಗುತ್ತದೆ ಎಂದು ಕೇಳುತ್ತೇನೆ. ಸ್ವೆಟರ್ ಬೆಚ್ಚಗಿರುತ್ತದೆ, ಆದ್ದರಿಂದ ಅದರೊಳಗಿನದೇ ಮೊದಲು ಕರಗುತ್ತದೆ ಎಂದು ಬಹುತೇಕ ಮಕ್ಕಳು ಹೇಳುತ್ತಾರೆ, ಮತ್ತು ಅವರ ದೃಷ್ಟಿಯಲ್ಲಿ ಅದು ಪೂರ್ತಿ ನ್ಯಾಯವಾದ ಊಹೆ. ಆಟ ಮುಗಿಸಿ ಬಂದು ಬಿಚ್ಚಿ ನೋಡಿದಾಗ ಬರಿ ತಟ್ಟೆಯಲ್ಲಿ ನೀರು ಹೆಚ್ಚಾಗಿರುತ್ತದೆ, ಸ್ವೆಟರಿನೊಳಗಿನ ಗಡ್ಡೆ ದೊಡ್ಡದಾಗಿಯೇ ಉಳಿದಿರುತ್ತದೆ. ಸ್ವೆಟರಿಗೆ ಚಳಿ ಇಷ್ಟವೇನೋ ಎಂದು ಒಬ್ಬಳು ಹುಡುಗಿ ಗಂಭೀರವಾಗಿ ಕೇಳಿದಳು. ಉಣ್ಣೆ ಶಾಖವನ್ನು ಹುಟ್ಟಿಸುವುದಿಲ್ಲ, ಅದು ದಾಟುವುದನ್ನು ತಡೆಯುತ್ತದೆ ಎಂಬ ವಿವರಣೆಯನ್ನು ನಾಲ್ಕು ವರ್ಷದ ಮಗುವಿಗೆ ಒಪ್ಪಿಸುವ ಅಗತ್ಯ ನನಗೆ ಕಾಣುವುದಿಲ್ಲ. ಮರುದಿನ ಅವಳು ಟೊಪ್ಪಿಗೆಯಲ್ಲಿಯೂ ಚೀಲದಲ್ಲಿಯೂ ಗಡ್ಡೆ ಸುತ್ತಿಟ್ಟು ನೋಡಬೇಕೆಂದು ಹಟ ಹಿಡಿದದ್ದು ಆ ವಿವರಣೆಗಿಂತ ದೊಡ್ಡ ಕಲಿಕೆ.

ಚಳಿಯಲ್ಲಿ ಆಡಿದರೆ ನೆಗಡಿ ಬರುತ್ತದೆ ಎಂಬ ಪೋಷಕರ ಆತಂಕ ಸಹಜವಾದದ್ದು, ಅದನ್ನು ನಾನು ಗೌರವದಿಂದಲೇ ಕೇಳಿಸಿಕೊಳ್ಳುತ್ತೇನೆ. ನೆಗಡಿ ಬರುವುದು ವೈರಾಣುಗಳಿಂದ, ಮತ್ತು ಅವು ಕಿಟಕಿ ಮುಚ್ಚಿದ, ಜನ ತುಂಬಿದ ಕೋಣೆಗಳಲ್ಲಿ ಸುಲಭವಾಗಿ ಹರಡುತ್ತವೆ ಎಂದು ವಿವರಿಸುತ್ತೇನೆ. ರೇಚಲ್ ಮತ್ತು ಮಾರ್ಗರೆಟ್ ಮ್ಯಾಕ್‌ಮಿಲನ್ ಸೋದರಿಯರು ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ 1914ರಲ್ಲಿ ಬಯಲು ಶಿಶುಶಾಲೆಯನ್ನು ತೆರೆದದ್ದು ಬಡ ಮಕ್ಕಳ ಆರೋಗ್ಯ ಸುಧಾರಿಸಲೆಂದೇ ಎಂಬುದನ್ನು ತಿಳಿಸುತ್ತೇನೆ. ಪೋಷಕರನ್ನು ಒಮ್ಮೆ ಆಟಕ್ಕೆ ಕರೆದರೆ ಉಳಿದ ಮಾತನ್ನು ಮಕ್ಕಳೇ ಆಡುತ್ತಾರೆ.

ಒಳಗೆ ಮರಳುವ ಹೊತ್ತನ್ನು ಗಡಿಯಾರಕ್ಕಿಂತ ಮಕ್ಕಳ ಮೈ ಚೆನ್ನಾಗಿ ಹೇಳುತ್ತದೆ. ನಡುಕ, ಬಿಳಿಚಿದ ಕಿವಿ ಅಥವಾ ಮೂಗಿನ ತುದಿ, ಆಟ ಬಿಟ್ಟು ಮೂಲೆಯಲ್ಲಿ ಸುಮ್ಮನೆ ನಿಲ್ಲುವುದು, ಇವುಗಳಲ್ಲಿ ಯಾವುದು ಕಂಡರೂ ಆ ಮಗುವನ್ನು ತಕ್ಷಣ ಒಳಗೆ ಕರೆದೊಯ್ಯುತ್ತೇವೆ. ಗಾಳಿ ಬಿರುಸಾಗಿದ್ದ ದಿನ ನೋಟದ ಆಟಗಳನ್ನು ಕೈಬಿಟ್ಟು ಬರೇ ಓಡಿಸಿ ಬೇಗ ಮರಳುತ್ತೇವೆ, ಒಳಗೆ ಬಂದವರ ಕಾಲುಚೀಲ ಒದ್ದೆಯಾಗಿದೆಯೇ ಎಂದು ಒಬ್ಬೊಬ್ಬರದನ್ನೂ ಕೈಯಿಂದ ಮುಟ್ಟಿ ನೋಡುತ್ತೇವೆ.