ಟ್ರಾಕ್ಟರಿನ ಹಳೆ ಆಯಿಲ್ ನಾಲೆಗೆ ಸೇರದಂತೆ ಹಿಡಿದಿಡುವ ಬಗೆ

ಮಂಡ್ಯ ಸೀಮೆಯಲ್ಲಿ ಟ್ರಾಕ್ಟರು, ಟಿಲ್ಲರುಗಳ ಆಯಿಲ್ ಬದಲಾಯಿಸುವ ಕೆಲಸ ಬಹಳಷ್ಟು ಸಲ ಮನೆಮುಂದಿನ ಕಣದಲ್ಲೋ ನಾಲೆ ಏರಿಯ ಮರದ ನೆರಳಿನಲ್ಲೋ ನಡೆದುಹೋಗುತ್ತದೆ. ಬಾಂಡ್ಲಿಗೆ ಇಳಿದ ಕಪ್ಪು ಎಣ್ಣೆಯಲ್ಲಿ ಒಂದಿಷ್ಟು, ಗೆದ್ದಲು ಹತ್ತದಿರಲೆಂದು ಬೇಲಿಗೂಟಗಳಿಗೆ ಬಳಿಯಲು ಹೋದರೆ, ಉಳಿದದ್ದು ಚರಂಡಿಯ ಪಾಲು. ಆಮೇಲೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಗದ್ದೆಗೆ ಹಾಯ್ದಾಗ ಅದರ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುಪೊರೆಯೊಂದು ತೇಲುತ್ತದೆ. ನೀರಿಗೆ ಗಾಳಿ ಸೇರದಂತೆ ತಡೆಯುವ ಈ ಪೊರೆಯ ಜೊತೆಗೆ, ಎಂಜಿನ್ ಸವೆದು ಬಿದ್ದ ಲೋಹದ ಕಣಗಳೂ ಮಸಿಯೂ ಮಣ್ಣಿಗಿಳಿಯುತ್ತವೆ.

ಆದರೆ ಆಯಿಲ್ ಕೊಳೆಯಾಗುತ್ತದೆಯೇ ಹೊರತು ಅದರ ಮೂಲ ಎಣ್ಣೆ ಸವೆದು ಮುಗಿಯುವುದಿಲ್ಲ. ಮರುಶುದ್ಧೀಕರಣ ಘಟಕದಲ್ಲಿ ಮೊದಲು ಕಾಯಿಸಿ ನೀರನ್ನು ತೆಗೆದು, ಬಳಿಕ ಗಾಳಿಯ ಒತ್ತಡ ತಗ್ಗಿಸಿದ ಪಾತ್ರೆಯಲ್ಲಿ ಬಟ್ಟಿ ಇಳಿಸಿ, ಕೊನೆಗೆ ಬಣ್ಣ ಮತ್ತು ವಾಸನೆಯನ್ನು ಕಳೆದರೆ ಅದು ಮತ್ತೆ ಎಂಜಿನ್ನಿಗೆ ಬರುವ ಮಟ್ಟಕ್ಕೆ ಏರಬಲ್ಲದು. ಇದಕ್ಕೆ ನಮ್ಮ ಕಡೆಯಿಂದ ಆಗಬೇಕಾದುದು ಒಂದೇ: ಎಣ್ಣೆಗೆ ಬೇರೇನನ್ನೂ ಬೆರೆಸದಿರುವುದು.

ಐದಾರು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದರೆ ಆಯಿಲ್ ತೆಳುವಾಗಿ, ತಳದ ಕೊಳೆಯನ್ನೂ ಎಳೆದುಕೊಂಡು ಇಳಿಯುತ್ತದೆ. ಆಗ ಅದು ಬಿಸಿಯಾಗಿರುವುದರಿಂದ ಕೈಗವಸು ತೊಟ್ಟೇ ಡ್ರೈನ್ ಬೋಲ್ಟ್ ಸಡಿಲಿಸಬೇಕು. ಬಾಂಡ್ಲಿ ಒಣಗಿರಲಿ, ಅಗಲವಾಗಿರಲಿ. ಸಿಮೆಂಟು ಕಲಸಿದ್ದಾದರೆ ಮೊದಲು ಕೆರೆದು ಒರೆಸಿಕೊಳ್ಳಿ. ಫಿಲ್ಟರಿನಲ್ಲಿಯೂ ಆಯಿಲ್ ಉಳಿದಿರುತ್ತದೆ. ಅದನ್ನು ಬಾಯಿ ಕೆಳಗಾಗಿ ಬಾಂಡ್ಲಿಯ ಮೇಲೆ ಒಂದು ರಾತ್ರಿ ಬಸಿಯಲು ಬಿಡುವುದು ಮೇಲು. ನೆಲಕ್ಕೆ ಚೆಲ್ಲಿದ್ದರ ಮೇಲೆ ನೀರು ಹುಯ್ಯಬೇಡಿ. ಮರದ ಹೊಟ್ಟನ್ನೋ ರಸ ಹಿಂಡಿದ ಕಬ್ಬಿನ ಒಣ ರಚ್ಚನ್ನೋ ಹರಡಿ, ಹೀರಿದ ಮೇಲೆ ಬಾಚಿ ಬೇರೆ ಡಬ್ಬಿಗೆ ತುಂಬಿಡಿ.

ಹೊಸ ಆಯಿಲ್ ಬಂದ ಕ್ಯಾನಿಗೇ ಹಳೆಯದನ್ನು ತುಂಬಿ, ಮುಚ್ಚಳ ಬಿಗಿದು, ಮಳೆ ತಾಗದ ಕಡೆ ಇಡುವುದು ಎಲ್ಲಕ್ಕಿಂತ ಸುಲಭ. ಕಳೆನಾಶಕದ ಖಾಲಿ ಕ್ಯಾನು ತೊಳೆದಿದ್ದೇನೆಂದು ನಂಬಿ ನಾನೊಮ್ಮೆ ಅದರಲ್ಲೇ ತುಂಬಿಟ್ಟಿದ್ದೆ. ಒಯ್ಯಲು ಬಂದವನು ಮುಚ್ಚಳ ತೆರೆದು ಮೂಸಿದವನೇ ಹಾಗೆಯೇ ಮುಚ್ಚಿ ಪಕ್ಕಕ್ಕಿಟ್ಟ. ಏಳು ಲೀಟರ್ ಎಣ್ಣೆ ಯಾವುದಕ್ಕೂ ಬಾರದಾಯಿತು. ಪೆಟ್ರೋಲು, ರೇಡಿಯೇಟರಿನ ಕೂಲೆಂಟು, ಬ್ರೇಕ್ ಆಯಿಲ್, ಬೋಂಡಾ ಕರಿದ ಎಣ್ಣೆ ಇವು ಬೆರೆತರೂ ಇದೇ ಕಥೆ. ಕರಿದ ಎಣ್ಣೆಯಿಂದ ಜೈವಿಕ ಡೀಸೆಲ್ ತಯಾರಾಗುತ್ತದೆ, ನಿಜ; ಆದರೆ ಅದರ ದಾರಿಯೇ ಬೇರೆ, ಡಬ್ಬಿಯೂ ಬೇರೆಯೇ ಇರಬೇಕು.

ಒಂದು ಟ್ರಾಕ್ಟರಿನಿಂದ ಒಮ್ಮೆಗೆ ಸಾಮಾನ್ಯವಾಗಿ 6ರಿಂದ 8 ಲೀಟರ್ ಇಳಿಯುತ್ತದೆ. ಇಷ್ಟಕ್ಕಾಗಿ ಗಾಡಿ ಬಾರದು. ಊರಿನ ಗ್ಯಾರೇಜಿನಲ್ಲೋ ಹಾಲಿನ ಡೇರಿಯ ಹಿಂಬದಿಯಲ್ಲೋ 200 ಲೀಟರಿನ ಒಂದು ಡ್ರಮ್ಮನ್ನು ಇಟ್ಟಿಗೆಯ ಮೇಲೆ, ಸೂರಿನಡಿ ಇಟ್ಟರೆ ಇಪ್ಪತ್ತೈದು ಮೂವತ್ತು ಸಲದ ಬದಲಾವಣೆಯಲ್ಲಿ ಅದು ತುಂಬುತ್ತದೆ. ಬೀಗದ ಕೈ ಒಬ್ಬರ ಬಳಿಯೇ ಇರಲಿ, ಇಲ್ಲವಾದರೆ ಯಾರು ಏನನ್ನು ಸುರಿದರೆಂದು ಗೊತ್ತಾಗುವುದಿಲ್ಲ.

ಹೆಚ್ಚು ದುಡ್ಡು ಕೊಡುವೆನೆಂದು ಬರುವ ಗುಜರಿಯವನಿಗೆ ಡ್ರಮ್ ಒಪ್ಪಿಸಿದರೆ ಅದು ಯಾವುದೋ ಕುಲುಮೆಗೆ ಉರುವಲಾಗಿ ಹೋಗಬಹುದು. ಆಲೆಮನೆಯ ಒಲೆಗೂ ಇದನ್ನು ಹುಯ್ಯಬಾರದು. ಹೊಗೆಯೊಡನೆ ಲೋಹದ ಕಣಗಳೂ ಏಳುತ್ತವೆ, ಬೆಲ್ಲದ ಕೊಪ್ಪರಿಗೆ ಅಲ್ಲೇ ಬಾಯಿ ತೆರೆದುಕೊಂಡಿರುತ್ತದೆ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುವುದರಿಂದ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಬಳಕೆದಾರರಿಗೇ ಅದನ್ನು ಕೊಡಬೇಕು. ಅನುಮತಿ ಪತ್ರವನ್ನು ಕೇಳಿ ನೋಡಿ, ಎಷ್ಟು ಲೀಟರ್ ಒಯ್ದರೆಂಬ ರಸೀದಿ ಪಡೆಯಿರಿ. ಬೆರಕೆಯಾದ ಎಣ್ಣೆಯೇನಾದರೂ ಉಳಿದಿದ್ದರೆ ಅದನ್ನು ಡ್ರಮ್ಮಿಗೆ ಸೇರಿಸದೆ, ಏನು ಬೆರೆತಿದೆಯೆಂದು ಕ್ಯಾನಿನ ಮೇಲೆ ಬರೆದು, ಅವರಿಗೆ ಬೇರೆಯಾಗಿಯೇ ತೋರಿಸಿ.