ಮೊಬೈಲ್ ಬ್ಯಾಂಕಿಂಗ್ ಬಡವರಿಗೆ ದಕ್ಕಿದೆಯೇ? ತಿಳಿಯುವುದು ಹೀಗೆ

ಇಷ್ಟು ಕೋಟಿ ಖಾತೆ ತೆರೆದೆವು ಎಂಬ ಲೆಕ್ಕ ನೋಡಿ ಬಡತನ ಇಳಿಯಿತು ಅಂದುಕೊಳ್ಳಬೇಡಿ. ಖಾತೆ ತೆರೆದು ಸುಮ್ನೆ ಬಿಟ್ಟವರೂ ಅದರಲ್ಲಿ ಇರುತ್ತಾರೆ. ಒಂದು ಊರಿನ ಬಡವರಿಗೆ ನಿಜಕ್ಕೂ ಏನು ಸಿಕ್ಕಿದೆ ಎಂದು ತಿಳಿಯಬೇಕಿದ್ದರೆ ಮನೆಮನೆಗೆ ಹೋಗಿ ಕೇಳಬೇಕು.

ಮೊದಲು ಕಷ್ಟಕಾಲದ ಬಗ್ಗೆ ಕೇಳಿ. ಮಳೆ ಕೈಕೊಟ್ಟಾಗ, ದುಡಿಯುವವರು ಕಾಯಿಲೆ ಬಿದ್ದಾಗ ದುಡ್ಡು ಎಲ್ಲಿಂದ ಬಂತು? ಎಷ್ಟು ಬೇಗ ಬಂತು? ಊಟ ಕಡಿಮೆ ಮಾಡಬೇಕಾಯಿತಾ? ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಕೆನ್ಯಾದಲ್ಲಿ 2007ರಲ್ಲಿ ಸಫಾರಿಕಾಮ್ ಕಂಪನಿ ಫೋನಿನಲ್ಲೇ ಹಣ ಇಟ್ಟುಕೊಂಡು ಕಳಿಸುವ ಎಂ-ಪೆಸಾ ಸೇವೆ ಶುರು ಮಾಡಿತು. ಅದಕ್ಕೆ ಇಂಟರ್ನೆಟ್ ಬೇಡ, ಕೀಪ್ಯಾಡ್ ಫೋನ್ ಸಾಕು. ಅರ್ಥಶಾಸ್ತ್ರಜ್ಞರಾದ ತವನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಅಲ್ಲಿನ ಮನೆಗಳನ್ನು ವರ್ಷಗಟ್ಟಲೆ ಗಮನಿಸಿದರು. ಇಂಥ ಹೊಡೆತ ಬಿದ್ದಾಗ ಎಂ-ಪೆಸಾ ಬಳಸದ ಮನೆಗಳ ಖರ್ಚು ಸುಮಾರು ಶೇ 7ರಷ್ಟು ಇಳಿಯುತ್ತಿತ್ತು. ಬಳಸುವ ಮನೆಗಳಲ್ಲಿ ಹಾಗಾಗಲಿಲ್ಲ. ನೆಂಟರು, ಗೆಳೆಯರು ದೂರದಿಂದಲೇ ಹಣ ಕಳಿಸಿ ಕೈಹಿಡಿದಿದ್ದರು. ಸುಮಾರು 1,94,000 ಕುಟುಂಬಗಳು, ಅಂದರೆ ದೇಶದ ಶೇ 2ರಷ್ಟು, ಬಡತನದಿಂದ ಹೊರಬಂದವು ಎಂದು 2016ರಲ್ಲಿ ಅವರು ಅಂದಾಜು ಮಾಡಿದರು. ಹೆಣ್ಣುಮಕ್ಕಳೇ ನಡೆಸುವ ಮನೆಗಳಿಗೆ ಲಾಭ ಇನ್ನೂ ಜಾಸ್ತಿ.

ಆಮೇಲೆ ಫೋನ್ ಯಾರ ಕೈಯಲ್ಲಿದೆ ನೋಡಿ. ಮನೆಗೆಲ್ಲ ಒಂದೇ ಫೋನ್, ಅದೂ ಗಂಡನ ಜೇಬಿನಲ್ಲಿ ಇದ್ದರೆ ಹೆಂಡತಿ ಕೂಡಿಟ್ಟದ್ದು ಅವಳ ಕೈಗೆ ಸಿಗುವುದು ಕಷ್ಟ ಅಲ್ವಾ? ಓದಲು ಬಾರದವರು ಪಿನ್ ನಂಬರನ್ನು ಇನ್ನೊಬ್ಬರಿಗೆ ಹೇಳಿ ಕೆಲಸ ಮಾಡಿಸಿಕೊಳ್ಳಬೇಕಾಗುತ್ತದೆ. ಗುರುತಿನ ಚೀಟಿ ಇಲ್ಲದವರಿಗೆ ಎಷ್ಟೋ ದೇಶಗಳಲ್ಲಿ ಸಿಮ್ಮೇ ಸಿಗುವುದಿಲ್ಲ. ಇವರನ್ನು ಬಿಟ್ಟು ಉಳಿದವರು ಮುಂದೆ ಹೋದರೆ ಅಂತರ ಹೆಚ್ಚುತ್ತದೆ.

ನಗದು ತೆಗೆದುಕೊಂಡು ಖಾತೆಗೆ ಹಾಕುವ, ಖಾತೆಯ ಹಣವನ್ನು ನಗದಾಗಿ ಕೊಡುವ ಏಜೆಂಟ್ ಎಷ್ಟು ದೂರ, ಅವರ ಹತ್ತಿರ ನಗದು ಇರುತ್ತದೆಯೇ ಎಂಬುದನ್ನೂ ಬರೆದುಕೊಳ್ಳಿ.

ಶುಲ್ಕವನ್ನು ಸಣ್ಣ ಮೊತ್ತಕ್ಕೇ ಲೆಕ್ಕ ಹಾಕಿ. ಬಡವರು ಕಳಿಸುವುದು ಸಣ್ಣ ಮೊತ್ತ, ಅದರಲ್ಲಿ ಶುಲ್ಕದ ಪಾಲು ದೊಡ್ಡದು. ಮೇಲೆ ತೆರಿಗೆಯೂ ಬೀಳಬಹುದು. ಉಗಾಂಡಾ 2018ರಲ್ಲಿ ಮೊಬೈಲ್ ಹಣದ ಮೇಲೆ ಶೇ 1ರಷ್ಟು ತೆರಿಗೆ ಹಾಕಿತು. ಜನ ಬೀದಿಗಿಳಿದರು. ಕೊನೆಗೆ ಹಣ ತೆಗೆಯುವಾಗ ಮಾತ್ರ ಶೇ 0.5 ಎಂದು ಇಳಿಸಿತು.

ಕೊನೆಯದು ಸಾಲ. ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತನ್ನಿ. 2012ರಲ್ಲಿ ಕೆನ್ಯಾದಲ್ಲಿ ಬಂದ, ಫೋನಿನಲ್ಲೇ ಸಾಲ ಕೊಡುವ ಎಂ-ಶ್ವಾರಿಯಲ್ಲಿ 30 ದಿನದ ಸಾಲಕ್ಕೆ ಶೇ 7.5 ಶುಲ್ಕ ಇತ್ತು. ಕೇಳಲು ಸಣ್ಣದು, ವರ್ಷಕ್ಕೆ ಅದು ಶೇ 90 ದಾಟುತ್ತದೆ. ಒಂದು ಸಾಲ ತೀರಿಸಲು ಇನ್ನೊಂದು ಮಾಡಿದವರನ್ನು ಬೇರೆಯೇ ಪಟ್ಟಿಯಲ್ಲಿ ಬರೆಯಿರಿ. ಅವರನ್ನು ಲಾಭ ಪಡೆದವರ ಜೊತೆ ಸೇರಿಸಬೇಡಿ.