ಹಳೆಯ ಟೈರಿಗೆ ಹೊಸ ರಿಮ್: ನನ್ನ ಪಿಕಪ್‌ನ ಅನುಭವ

ಇಸುಜು ಹೈ-ಲ್ಯಾಂಡರ್ ಕೊಂಡವರು ಒಪ್ಪುವ ಮಾತು: ಗಾಡಿ ದಷ್ಟಪುಷ್ಟವಾಗಿದೆ, ಚಕ್ರಕ್ಕೆ ಮಾತ್ರ ಕಳೆ ಇಲ್ಲ. ಕಂಪನಿ ಕೊಡುವುದು 16 ಇಂಚಿನ ಕಬ್ಬಿಣದ ರಿಮ್. ನಾನು ಅಲಾಯ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ರಿಮ್, ಹಾಕಿಸಲು ಹೊರಟದ್ದು ಅಂದಕ್ಕೆ. ಬೇರೆ ಕಾರಣ ಹೇಳಿದರೆ ಮನೆಯವರೇ ನಂಬುವುದಿಲ್ಲ. ಆದರೆ ಟೈರ್ ಬದಲಿಸುವ ಮನಸ್ಸಿರಲಿಲ್ಲ. ಗಾಡಿಯ ಜೊತೆ ಬಂದ 245/70 ಆರ್16 ಟೈರುಗಳಲ್ಲಿ ಗ್ರಿಪ್ ಚೆನ್ನಾಗಿಯೇ ಉಳಿದಿತ್ತು, ಸಕಲೇಶಪುರದ ಕಡೆಯ ಕೆಸರಿಗೆ ಅವು ಒಗ್ಗಿಯೂ ಇದ್ದವು.

16 ಇಂಚಿನ ಟೈರಿಗೆ 16 ಇಂಚಿನ ರಿಮ್ಮೇ ಬೇಕಾದ್ದರಿಂದ, ಟೈರ್ ಹಳೆಯದೇ ಇರಲಿ ಎಂದುಕೊಂಡ ಕ್ಷಣವೇ ಆಯ್ಕೆ ಕಿರಿದಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಗೋಡೆ ತುಂಬ ನೇತಾಡುವುದು 17, 18, 20 ಇಂಚಿನವು. 16 ಇಂಚಿನ, ಆರು ನಟ್ಟಿನ ರಿಮ್ ಕೇಳಿದರೆ ಒಳಗಿನ ಕೋಣೆಯಿಂದ ಧೂಳು ಕೊಡವಿ ತರುತ್ತಾರೆ. ತಂದವರು ಹೇಳುವುದು ಒಂದೇ ಮಾತು: "ಆರು ಹೋಲ್ ತಾನೇ ಸರ್? ಆರಾಮವಾಗಿ ಕೂರುತ್ತದೆ." ಅಂಥ ಮಾತು ಕೇಳಿದಾಗಲೆಲ್ಲ ನಾನು ರಿಮ್ಮನ್ನು ಮಗುಚಿ ಹಾಕಿ ಬೆನ್ನು ನೋಡುತ್ತಿದ್ದೆ. ಮುಖ ನೋಡಿ ಮನಸೋಲಬಹುದು, ದುಡ್ಡು ಕೊಡಬೇಕಾದ್ದು ಬೆನ್ನ ಮೇಲಿನ ಅಂಕಿಗಳನ್ನು ಓದಿದ ಮೇಲೆಯೇ.

ಮೊದಲನೆಯದು ಪಿಸಿಡಿ, ಅಂದರೆ ನಟ್ಟಿನ ತೂತುಗಳೆಲ್ಲ ಕೂತಿರುವ ವೃತ್ತದ ವ್ಯಾಸ. ಇಸುಜುವಿನದು 6×139.7, ಅಂದರೆ ಆರು ತೂತು, 139.7 ಮಿಲಿಮೀಟರ್ ವ್ಯಾಸ, ಸರಿಯಾಗಿ ಐದೂವರೆ ಇಂಚು. ಫಾರ್ಚುನರ್, ಹೈಲಕ್ಸ್‌ಗಳದೂ ಇದೇ. ಜಿಮ್ನಿಯದೂ 139.7, ಆದರೆ ತೂತು ಐದು. ಇದರಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳುವಂಥದ್ದಿಲ್ಲ. ತಪ್ಪಿದರೆ ರಿಮ್ ಸ್ಟಡ್ಡಿನ, ಅಂದರೆ ನಟ್ ಕೂರುವ ಬೋಲ್ಟಿನ, ಮೇಲೆ ಹತ್ತುವುದೇ ಇಲ್ಲ.

ಮೋಸ ಇರುವುದು ನಡುವಿನ ತೂತಿನಲ್ಲಿ. ನನ್ನ ಗಾಡಿಯಲ್ಲಿ ಆ ತೂತಿನೊಳಗೆ ಕೂರುವ ಹಬ್ ಅಳೆದರೆ ನೂರು ಮಿಲಿಮೀಟರ್ ಚಿಲ್ಲರೆ. ಮಾರುಕಟ್ಟೆಯ ಆರು ನಟ್ಟಿನ ರಿಮ್‌ಗಳಲ್ಲಿ ಬಹಳಷ್ಟಕ್ಕೆ ಟೊಯೋಟಾ ಲೆಕ್ಕದಲ್ಲಿ 106 ಅಥವಾ ಅದಕ್ಕೂ ದೊಡ್ಡ ತೂತು ಕೊರೆದಿರುತ್ತಾರೆ. ಹಬ್ಬಿನ ಸುತ್ತ ಮೂರು ಮಿಲಿಮೀಟರ್ ಖಾಲಿ ಉಳಿಯುತ್ತದೆ. ತುದಿ ಓರೆಯಾದ ನಟ್ ಬಿಗಿಯುವಾಗ ರಿಮ್ಮನ್ನು ನಡುವಿಗೆ ಎಳೆಯುತ್ತದೆ ನಿಜ, ಆದರೆ ಭಾರ ಹೊರುವ ಗಾಡಿಯಲ್ಲಿ ಆ ಕೆಲಸವನ್ನೆಲ್ಲ ನಟ್ಟಿನ ಮೇಲೆ ಬಿಡಲು ನನಗೆ ಇಷ್ಟವಿರಲಿಲ್ಲ. ಆ ಖಾಲಿ ಜಾಗ ತುಂಬಲು ಪ್ಲಾಸ್ಟಿಕ್ ಹಬ್ ರಿಂಗ್ ಸಿಗುತ್ತವೆ. ಘಾಟಿ ಇಳಿಯುವಾಗ ಬ್ರೇಕ್ ಎಷ್ಟು ಬಿಸಿಯಾಗುತ್ತದೆಂದು ಬಲ್ಲವರು ಅದನ್ನು ಮುಟ್ಟಲಾರರು. ಹಾಸನದ ಒಂದು ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ರಿಂಗ್ ಕಡೆಸಿದೆ. ಕೈಯಲ್ಲಿ ಒತ್ತಿದರೆ ಕೂರಬೇಕು, ಅಲ್ಲಾಡಿಸಿದರೆ ಕುಲುಕಬಾರದು. ಹಾಗಾಗುವವರೆಗೂ ಲೇತಿನವರು ಬೇಸರಿಸದೆ ಕೂದಲೆಳೆಯಷ್ಟು ಕೆರೆದು ಕೆರೆದು ನೋಡಿದರು.

ಇನ್ನು ಆಫ್‌ಸೆಟ್. ಹಬ್ಬಿಗೆ ತಾಗುವ ಮುಖವು ರಿಮ್ಮಿನ ಅಗಲದ ಮಧ್ಯರೇಖೆಯಿಂದ ಎಷ್ಟು ದೂರವಿದೆ ಎಂಬ ಲೆಕ್ಕ ಇದು. ರಿಮ್ಮಿನ ಮೇಲೆ ಇಟಿ ಎಂಬ ಎರಡು ಅಕ್ಷರಗಳ ಪಕ್ಕ ಮಿಲಿಮೀಟರಿನಲ್ಲಿ ಬರೆದಿರುತ್ತದೆ, ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಮೂಲ ರಿಮ್ 7 ಇಂಚು ಅಗಲ, ಆಫ್‌ಸೆಟ್ 35 ಎಂದಿಟ್ಟುಕೊಳ್ಳಿ. ಅಂಗಡಿಯವರು ಆಸೆ ತೋರಿಸುವುದು 8 ಇಂಚು ಅಗಲದ, ಆಫ್‌ಸೆಟ್ ಸೊನ್ನೆಯ ರಿಮ್. ಒಂದು ಇಂಚು ಹೆಚ್ಚಿದರೆ ಆಚೆ ಅರ್ಧ, ಈಚೆ ಅರ್ಧ, ಅಂದರೆ 12.7 ಮಿಲಿಮೀಟರ್, ಅದಕ್ಕೆ ಕಳೆದುಹೋದ 35 ಸೇರಿಸಿದರೆ ಚಕ್ರದ ಹೊರ ಅಂಚು ಸುಮಾರು 48 ಮಿಲಿಮೀಟರ್ ಆಚೆ ಬರುತ್ತದೆ. ನೋಡಲು ಎದೆಯುಬ್ಬಿಸಿ ನಿಂತಂತಿರುತ್ತದೆ. ಕೆಸರು ಬಾಗಿಲಿಗೂ ಕನ್ನಡಿಗೂ ಸಿಡಿಯುತ್ತದೆ, ಗುಂಡಿಯಲ್ಲಿ ಸ್ಟೀರಿಂಗ್ ಕೈಯನ್ನು ಎಳೆಯುತ್ತದೆ, ವೀಲ್ ಬೇರಿಂಗಿನ ಮೇಲೆ ಭಾರ ಏರುತ್ತದೆ. ನಾನು ಹುಡುಕಿದ್ದು 7.5 ಇಂಚು ಅಗಲ, ಆಫ್‌ಸೆಟ್ 25. ಅದೇ ಲೆಕ್ಕದಲ್ಲಿ ಹೊರಗೆ 16 ಮಿಲಿಮೀಟರ್, ಒಳಗಡೆ ಸಸ್ಪೆನ್ಷನ್‌ನಿಂದ ಮೂರೂವರೆಯಷ್ಟು ಹೆಚ್ಚಿನ ಅಂತರ. 245/70 ಟೈರಿಗೆ 6.5ರಿಂದ 8 ಇಂಚಿನ ರಿಮ್ ನಡೆಯುತ್ತದೆ. ರಿಮ್ ಅರ್ಧ ಇಂಚು ಅಗಲವಾದರೆ ಟೈರೂ ಸುಮಾರು ಐದು ಮಿಲಿಮೀಟರ್ ಹರಡಿಕೊಳ್ಳುತ್ತದೆ.

ಟೈರಿನ ಅಳತೆ ಬದಲಾಗದಿರುವುದರ ದೊಡ್ಡ ಲಾಭವೆಂದರೆ ಚಕ್ರದ ಒಟ್ಟು ಎತ್ತರ ಅದೇ 75 ಸೆಂಟಿಮೀಟರ್‌ನಷ್ಟು ಉಳಿಯುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಮೂಲ ವಿನ್ಯಾಸದಿಂದ ಗಾಡಿಯನ್ನು ಮಾರ್ಪಡಿಸುವುದರ ಬಗ್ಗೆ 2019ರಲ್ಲಿ ಸುಪ್ರೀಂ ಕೋರ್ಟ್ ಬಿಗಿಯಾಗಿಯೇ ಹೇಳಿದೆ. ಚಕ್ರ ಮಡ್‌ಗಾರ್ಡಿನಿಂದ ಹೊರಗೆ ಇಣುಕದಿದ್ದರೆ ನನಗೂ ನೆಮ್ಮದಿ. ವಿಮಾ ಕಂಪನಿಗೂ ಬರೆದು ತಿಳಿಸಿದ್ದೇನೆ.

ಹೊರೆಯ ಅಂಕಿಯನ್ನು ಯಾರೂ ಕೇಳುವುದಿಲ್ಲ, ಅದು ನನಗೆ ಆಶ್ಚರ್ಯ. ನನ್ನ ಟೈರಿನ ಮೇಲೆ 111 ಎಂದಿದೆ, ಅಂದರೆ ಒಂದು ಟೈರಿಗೆ 1090 ಕೆ.ಜಿ. ಕಾರಿಗೆಂದು ಎರಕ ಹೊಯ್ದ ರಿಮ್ಮಿನ ಬೆನ್ನ ಮೇಲೆ 600, 700 ಎಂದು ಇರುವುದುಂಟು. ಪಿಕಪ್ಪಿನ ಹಿಂದಿನ ಆಕ್ಸಲ್ ಹೊರುವ ಗರಿಷ್ಠ ಭಾರದ ಅರ್ಧಕ್ಕಿಂತ ಒಂದು ರಿಮ್ಮಿನ ಸಾಮರ್ಥ್ಯ ಕಡಿಮೆ ಇರಕೂಡದು. ಹೊರೆಯ ಅಂಕಿಯೇ ಇಲ್ಲದ ರಿಮ್ಮನ್ನು ಪುಕ್ಕಟೆ ಕೊಟ್ಟರೂ ನಾನು ತರುವುದಿಲ್ಲ. ಅಲಾಯ್ ಹಗುರ ಎಂಬ ಮಾತಿದೆಯಲ್ಲ, ಅದನ್ನು ಕಾಫಿ ಚೀಲ ತೂಗುವ ತಕ್ಕಡಿಯಲ್ಲಿಟ್ಟು ನೋಡಿದೆ. ಕಬ್ಬಿಣದ ರಿಮ್ಮಿಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಟೈರ್ ಬಿಚ್ಚಿಸುವ ಮೊದಲು ಬರೀ ರಿಮ್ಮನ್ನು ಮುಂದಿನ ಹಬ್ಬಿಗೆ ಹಾಕಿ ನೋಡುವುದು ನನ್ನ ಹಠ. ಟೈರ್ ಏರಿದ ರಿಮ್ಮನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬುದು ಒಂದು ಕಾರಣ. ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ, ಹಳೆಯ ಚಕ್ರ ತೆಗೆದಾಗ ಹಬ್ಬಿನ ಮುಖದ ಮೇಲೆ ತುಕ್ಕು ಮತ್ತು ಕೆಂಪು ಮಣ್ಣು ಸೇರಿ ಗಾರೆಯಂತೆ ಗಟ್ಟಿಯಾಗಿತ್ತು. ಅದನ್ನು ತಂತಿಯ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿದೆ. ಒಂದು ಚಕ್ಕೆ ಉಳಿದರೂ ರಿಮ್ ಓರೆಯಾಗಿ ಕೂರುತ್ತದೆ. ಆಮೇಲೆ ಮಕ್ಕಳ ಆಟದ ಜೇಡಿಮಣ್ಣಿನ ಪುಟ್ಟ ಉಂಡೆಗಳನ್ನು ರಿಮ್ಮಿನೊಳಗೆ ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರಿನ ಉಬ್ಬಿದ ಜಾಗಗಳಿಗೆ ಅಂಟಿಸಿ, ರಿಮ್ ಹಾಕಿ, ನಟ್ ಬಿಗಿದು ಕೈಯಿಂದ ಒಂದು ಸುತ್ತು ತಿರುಗಿಸಿದೆ. ತೆಗೆದು ನೋಡಿದರೆ ಒಂದು ಉಂಡೆ ಚಪ್ಪಟೆಯಾಗಿ ಐದು ಮಿಲಿಮೀಟರ್‌ನಷ್ಟು ದಪ್ಪ ಉಳಿದಿತ್ತು. ಅಷ್ಟು ಸಾಕು. ಆದರೆ ಅದೇ ಐದು ಮಿಲಿಮೀಟರಿನಲ್ಲಿ ಬ್ಯಾಲೆನ್ಸಿಂಗ್ ತೂಕವೂ, ಅಂದರೆ ಚಕ್ರ ನಡುಗದಂತೆ ಅಂಟಿಸುವ ಲೋಹದ ತುಂಡೂ, ತೂರಬೇಕು. ಅಲಾಯ್‌ಗೆ ತೂಕವನ್ನು ಒಳಗೋಡೆಗೆ ಅಂಟಿಸುತ್ತಾರೆ. ಕ್ಯಾಲಿಪರ್ ಓಡಾಡುವ ಪಟ್ಟಿಯಲ್ಲಿ ಅಂಟಿಸಿದರೆ ಮೊದಲ ಸುತ್ತಿನಲ್ಲೇ ಕಿತ್ತು ಹೋಗಬಹುದು. ಸೀಮೆಸುಣ್ಣದಿಂದ ಆ ಪಟ್ಟಿಯನ್ನು ಗುರುತು ಮಾಡಿ, ಟೈರ್ ಅಂಗಡಿಯ ಹುಡುಗನಿಗೆ ತೋರಿಸಿದೆ. ಅವನು, "ಇದನ್ನು ಯಾರೂ ಹೇಳುವುದಿಲ್ಲ ಅಣ್ಣ," ಎಂದ.

ಟೈರ್ ಬದಲಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಹಳೆಯ ರಿಮ್ಮಿನ ತುಕ್ಕಿನ ಪುಡಿ ರಿಮ್ಮಿಗೆ ಕಚ್ಚಿಕೊಳ್ಳುವ ಟೈರಿನ ಅಂಚಿಗೆ (ಬೀಡ್) ಅಂಟಿರುತ್ತದೆ. ಒರೆಸದೆ ಹೊಸ ರಿಮ್ಮಿಗೆ ಏರಿಸಿದರೆ ಗಾಳಿ ಸಣ್ಣಗೆ ಸೋರುತ್ತದೆ. ವಾಲ್ವ್ ಹೊಸದೇ ಹಾಕಿಸಬೇಕು, ಅದರಲ್ಲಿ ಉಳಿತಾಯ ಬೇಡ.

ನಟ್ಟಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸ್ಟಡ್ 12 ಮಿಲಿಮೀಟರ್ ದಪ್ಪ, ಮರೆ (ಥ್ರೆಡ್) ಸುತ್ತಿಗೆ 1.5 ಮಿಲಿಮೀಟರ್. ಅಲಾಯ್ ರಿಮ್ಮಿನ ದಪ್ಪ ಕಬ್ಬಿಣದ ತಗಡಿಗಿಂತ ಹೆಚ್ಚಾದ್ದರಿಂದ ಹಳೆಯ ನಟ್ ಸ್ಟಡ್ಡನ್ನು ಹಿಡಿಯುವುದು ಕಡಿಮೆಯಾಗುತ್ತದೆ. ಸ್ಟಡ್ಡಿನ ದಪ್ಪದಷ್ಟಾದರೂ ಮರೆ ಹಿಡಿಯಬೇಕು, ಅಂದರೆ ಎಂಟು ಪೂರ್ತಿ ಸುತ್ತು. ಬೆರಳಿನಿಂದ ಎಣಿಸಿ ನೋಡಿದೆ. ಹಳೆಯ ನಟ್ ಅಷ್ಟು ಹತ್ತಲಿಲ್ಲ, ತೂತಿನ ಗೋಡೆಗೂ ಸ್ಪ್ಯಾನರಿಗೂ ನಡುವೆ ಜಾಗವೂ ಇರಲಿಲ್ಲ. 60 ಡಿಗ್ರಿ ಓರೆಯ, ತೆಳು ಮೈಯ ಹೊಸ ನಟ್ ತಂದೆ. ಟೊಯೋಟಾದ ಮೂಲ ಅಲಾಯ್ ನಟ್ ಚಪ್ಪಟೆ ವಾಷರಿನದು, ಅದನ್ನು ಓರೆ ತೂತಿಗೆ ಹಾಕುವುದು ಅಪಾಯ. ಬಿಗಿಯುವಾಗ ಗಾಳಿಯ ಗನ್ ದೂರವಿಡಿಸಿ, ಎದುರುಬದುರಾಗಿ, ಬಿಗಿತ ಅಳೆದು ತೋರಿಸುವ ಟಾರ್ಕ್ ಸ್ಪ್ಯಾನರಿನಿಂದ ಬಿಗಿದೆ. ಈ ಅಳತೆಯ ಸ್ಟಡ್‌ಗೆ ಸಾಮಾನ್ಯವಾಗಿ 100ರಿಂದ 120 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಕೈಪಿಡಿ ಹೇಳಿದ್ದೇ ಕೊನೆಯ ಮಾತು.

ಗಾಡಿ ಇಳಿಸಿದ ಮೇಲೆ ಗಾರೆಯವರ ತೂಗುಗುಂಡನ್ನು ಮಡ್‌ಗಾರ್ಡಿನ ಅಂಚಿನಿಂದ ಇಳಿಬಿಟ್ಟೆ. ದಾರ ಟೈರನ್ನು ಮುಟ್ಟಲಿಲ್ಲ. ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಒಂದು ಚಕ್ರವನ್ನು ದಿಬ್ಬಕ್ಕೆ ಹತ್ತಿಸಿಯೂ ನೋಡಿದೆ, ಎಲ್ಲೂ ಉಜ್ಜಲಿಲ್ಲ. ನೂರು ಕಿಲೋಮೀಟರ್ ಓಡಿಸಿ ನಟ್‌ಗಳನ್ನು ಮತ್ತೆ ಟಾರ್ಕ್ ಮಾಡಿದಾಗ ಒಂದೆರಡು ಸ್ವಲ್ಪ ತಿರುಗಿದವು, ಅದು ಸಹಜ. ಮಳೆಗಾಲದಲ್ಲಿ ಇನ್ನೊಂದು ವಿಷಯ ತಿಳಿಯಿತು: ರಿಮ್ಮಿನ ಒಳಗೋಡೆಯಲ್ಲಿ ಕೆಸರು ಒಣಗಿ ಕೂತರೆ ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಕೆಟ್ಟಿತೆಂದು ಅಂಗಡಿಗೆ ಓಡುವ ಮೊದಲು ಒಂದು ಕೊಡ ನೀರು ಹೊಡೆಯಿರಿ.

ಕಬ್ಬಿಣದ ರಿಮ್‌ಗಳನ್ನು ಮಾರಿಲ್ಲ. ಬಂಡೆಗೆ ಬಡಿದರೆ ಅವು ಬಗ್ಗುತ್ತವೆ, ಸುತ್ತಿಗೆಯಿಂದ ಬಡಿದು ಸರಿಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ಮುಗಿಯಿತು. ಸ್ಟೆಪ್ನಿಯೂ ಕಬ್ಬಿಣದ್ದೇ. ಅದಕ್ಕೆಂದು ಆರು ಹಳೆಯ ನಟ್‌ಗಳನ್ನು ಬಟ್ಟೆಯಲ್ಲಿ ಕಟ್ಟಿ ಜ್ಯಾಕಿನ ಜೊತೆ ಇಟ್ಟಿದ್ದೇನೆ. ಹೊಸ ನಟ್ಟಿಗೆ ಬೇರೆ ಅಳತೆಯ ಸಾಕೆಟ್ ಬೇಕಾದ್ದರಿಂದ ಅದೂ ಅಲ್ಲೇ ಇದೆ, ಡ್ರೈವರ್‌ಗೂ ತೋರಿಸಿಟ್ಟಿದ್ದೇನೆ.